ಚಿತ್ರಶಾಲೆಯಲ್ಲಿ ವೈದ್ಯವಿದ್ಯಾರ್ಥಿ

ಮೈ ನೆಟ್ಟಗಿಲ್ಲದಾಗ ವೈದ್ಯರ ಬಳಿಗೆ ಹೋಗುವುದನ್ನು ಕನ್ನಡಿಗರು ಒಂದು ವಿಶಿಷ್ಟವಾದ ಕ್ರಿಯಾಪದದಿಂದ ಸೂಚಿಸುತ್ತಾರೆ. "ಡಾಕ್ಟರಿಗೆ ತೋರಿಸಿದಿರಾ?" ಎಂದು ನೆರೆಯವರು ಕೇಳುತ್ತಾರೆ. "ನಾಳೆ ದೊಡ್ಡಾಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬರಬೇಕು" ಎಂದು ಮನೆಯವರು ಹೇಳುತ್ತಾರೆ. ಔಷಧ, ಪಥ್ಯ, ಶಸ್ತ್ರಕ್ರಿಯೆ ಇವೆಲ್ಲ ಆಮೇಲಿನ ಮಾತು, ಮೊದಲು ತೋರಿಸಬೇಕು. ತೋರಿಸುವವನೊಬ್ಬನಿದ್ದ ಮೇಲೆ ನೋಡುವವನೊಬ್ಬ ಇರಲೇಬೇಕಲ್ಲವೆ? ರೋಗಿಗೂ ವೈದ್ಯನಿಗೂ ನಡುವಣ ಒಡಂಬಡಿಕೆಯೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ. ಆದರೆ ಈಚೆಗೆ ಆಸ್ಪತ್ರೆಯಿಂದ ಹಿಂದಿರುಗುವವರ ಬಾಯಲ್ಲಿ ಬೇರೊಂದು ಮಾತು ಕೇಳಿಬರುತ್ತಿದೆ: "ಏನೇನೋ ಪರೀಕ್ಷೆ ಬರೆದುಕೊಟ್ಟರು, ತಲೆಯೆತ್ತಿ ಮುಖ ನೋಡಲಿಲ್ಲ." ಈ ದೂರಿನಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇರಬಹುದು, ಆದರೆ ಅದನ್ನು ಬರಿಯ ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ.

ನಮ್ಮ ಭಾಷೆ ಇನ್ನೊಂದು ಸೂಕ್ಷ್ಮವನ್ನೂ ಉಳಿಸಿಕೊಂಡಿದೆ. 'ನೋಡು' ಎಂಬುದು ಬೇರೆ, 'ಕಾಣು' ಎಂಬುದು ಬೇರೆ. ನೋಡುವುದು ಕಣ್ಣಿನ ಪ್ರಯತ್ನ. ಕಾಣುವುದು ಆ ಪ್ರಯತ್ನದ ಫಲ. "ಎಷ್ಟು ನೋಡಿದರೂ ಕಾಣಲಿಲ್ಲ" ಎಂದು ನಾವು ದಿನವೂ ಹೇಳುತ್ತೇವೆ. ವೈದ್ಯವಿದ್ಯಾರ್ಥಿಗೆ ಏನನ್ನು ನೋಡಬೇಕೆಂಬ ಪಟ್ಟಿಯನ್ನು ಪಠ್ಯಪುಸ್ತಕಗಳು ಧಾರಾಳವಾಗಿ ಒದಗಿಸುತ್ತವೆ. ಕಾಣುವುದನ್ನು ಕಲಿಸುವ ಪುಸ್ತಕ ಯಾವುದು? ಈ ಪ್ರಶ್ನೆಗೆ ಅಮೆರಿಕಾದ ಕೆಲವು ವೈದ್ಯವಿದ್ಯಾಲಯಗಳು ಕೊಟ್ಟ ಉತ್ತರ ಮೊದಲು ಕೇಳಿದವರಿಗೆ ವಿನೋದವೆನಿಸೀತು. ಅವು ತಮ್ಮ ವಿದ್ಯಾರ್ಥಿಗಳನ್ನು ಚಿತ್ರಶಾಲೆಗೆ ಕಳುಹಿಸಿದವು. ಆ ಉತ್ತರ ಎಷ್ಟರಮಟ್ಟಿಗೆ ಸರಿ, ಅದರಿಂದ ನಾವು ಕಲಿಯತಕ್ಕದ್ದೇನು ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಪರೀಕ್ಷೆ ಕಣ್ಣಿನಿಂದ ಆರಂಭವಾಗಬೇಕೆಂಬುದು ಹೊಸ ತತ್ತ್ವವೇನೂ ಅಲ್ಲ. ವಾಗ್ಭಟನ ಅಷ್ಟಾಂಗಹೃದಯವು ರೋಗಿಯನ್ನು ಪರೀಕ್ಷಿಸುವ ಮೂರು ಬಗೆಗಳನ್ನು ಹೇಳುತ್ತದೆ: ದರ್ಶನ, ಸ್ಪರ್ಶನ, ಪ್ರಶ್ನ. ಇವುಗಳಲ್ಲಿ ದರ್ಶನದ್ದೇ ಮೊದಲ ಸ್ಥಾನ. ಪಾಶ್ಚಾತ್ಯ ವೈದ್ಯಪದ್ಧತಿಯೂ ಇದೇ ಅನುಕ್ರಮವನ್ನು ಒಪ್ಪಿದೆ: ಮೊದಲು ನೋಡು, ಆಮೇಲೆ ಮುಟ್ಟು, ಆಮೇಲೆ ಬೆರಳಿನಿಂದ ತಟ್ಟು, ಕಡೆಗೆ ಕಿವಿಗೊಟ್ಟು ಕೇಳು. ಷರ್ಲಾಕ್ ಹೋಮ್ಸನ ಕಥೆಗಳನ್ನು ಓದಿ ನಿದ್ದೆಗೆಟ್ಟವರಿಗೆ ಅವನ ಮೂಲಪುರುಷನು ಎಡಿನ್‌ಬರೋ ನಗರದ ಶಸ್ತ್ರವೈದ್ಯ ಜೋಸೆಫ್ ಬೆಲ್ ಎಂಬುದು ತಿಳಿದೇ ಇರುತ್ತದೆ. ಬಾಗಿಲಲ್ಲಿ ಕಾಲಿಟ್ಟ ರೋಗಿಯ ನಡಿಗೆ, ಕೈ, ಉಡುಪುಗಳನ್ನು ನೋಡಿಯೇ ಅವನ ಕಸುಬನ್ನು ಹೇಳಬಲ್ಲವರಾಗಿದ್ದರು ಬೆಲ್ಲರು. ಅವರ ಶಿಷ್ಯನಾಗಿದ್ದ ಕಾನನ್ ಡಾಯ್ಲ್ ಆ ಕಣ್ಣನ್ನು ಪತ್ತೇದಾರನಿಗೆ ಕೊಟ್ಟು ಲೋಕವಿಖ್ಯಾತನಾದನು. ಹೀಗೆ ವೈದ್ಯನ ಕಣ್ಣು ಸಾಹಿತ್ಯಕ್ಕೆ ಸಾಲ ಕೊಟ್ಟದ್ದುಂಟು. ಕಲೆಯಿಂದ ವೈದ್ಯವು ಸಾಲ ಪಡೆದ ಕಥೆ ಈಗ ನೋಡೋಣ.

ಯೇಲ್ ವಿಶ್ವವಿದ್ಯಾಲಯದ ವೈದ್ಯಶಾಲೆಯಲ್ಲಿ ಇರ್ವಿನ್ ಬ್ರೇವರ್‌ಮನ್ ಎಂಬ ಚರ್ಮರೋಗತಜ್ಞರಿದ್ದರು. ಚರ್ಮರೋಗದ ವೈದ್ಯನಿಗೆ ಕಣ್ಣೇ ಮುಖ್ಯ ಉಪಕರಣ. ತಮ್ಮ ಶಿಷ್ಯರು ರೋಗಿಯ ಮೈಮೇಲಿನ ಗುರುತುಗಳನ್ನು ವರ್ಣಿಸುವಾಗ ಎಷ್ಟೋ ವಿವರಗಳನ್ನು ಬಿಟ್ಟುಬಿಡುತ್ತಿದ್ದುದು ಅವರ ಗಮನಕ್ಕೆ ಬಂತು. ವಿಶ್ವವಿದ್ಯಾಲಯಕ್ಕೆ ಸೇರಿದ ಬ್ರಿಟಿಷ್ ಕಲಾಕೇಂದ್ರದ ಲಿಂಡಾ ಫ್ರೀಡ್‌ಲೆಂಡರ್ ಅವರೊಡನೆ ಕೂಡಿ, ೧೯೯೦ರ ದಶಕದ ಕೊನೆಯಲ್ಲಿ, ಅವರು ಒಂದು ಪ್ರಯೋಗವನ್ನು ಆರಂಭಿಸಿದರು. ಮೊದಲ ವರ್ಷದ ವಿದ್ಯಾರ್ಥಿಗಳಲ್ಲಿ ಒಬ್ಬೊಬ್ಬರಿಗೂ ಒಂದೊಂದು ಚಿತ್ರವನ್ನು ಗೊತ್ತುಮಾಡಲಾಯಿತು. ಚಿತ್ರದ ಹೆಸರಾಗಲಿ, ಬರೆದವನ ಹೆಸರಾಗಲಿ ತಿಳಿಯದಂತೆ ಫಲಕ ಮರೆಯಾಗಿತ್ತು. ವಿದ್ಯಾರ್ಥಿಯು ಹದಿನೈದು ನಿಮಿಷಗಳ ಕಾಲ ಆ ಚಿತ್ರದ ಮುಂದೆ ಸುಮ್ಮನೆ ನಿಂತು ನೋಡಬೇಕು. ಆಮೇಲೆ ಜೊತೆಯವರ ಮುಂದೆ ಅದನ್ನು ವರ್ಣಿಸಬೇಕು. ನಿಯಮ ಒಂದೇ: ಕಂಡದ್ದನ್ನು ಮೊದಲು ಹೇಳು, ಅದರ ಅರ್ಥವನ್ನು ಆಮೇಲೆ ಹೇಳು.

ಈ ನಿಯಮ ಕೇಳುವುದಕ್ಕೆ ಸುಲಭ, ಪಾಲಿಸುವುದಕ್ಕೆ ಕಠಿನ. ಒಂದು ನಿದರ್ಶನದಿಂದ ಇದು ಸ್ಪಷ್ಟವಾದೀತು. ಹೆನ್ರಿ ವಾಲಿಸ್ ಎಂಬ ಆಂಗ್ಲ ಚಿತ್ರಗಾರನು ೧೮೫೬ರಲ್ಲಿ ಪ್ರದರ್ಶಿಸಿದ 'ಚಾಟರ್ಟನ್ನನ ಮರಣ' ಎಂಬ ಚಿತ್ರ ಪ್ರಸಿದ್ಧವಾದದ್ದು. ಅದು ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಅದರದೇ ಸಣ್ಣ ಪ್ರತಿಯೊಂದು ಯೇಲ್ ಕಲಾಕೇಂದ್ರದಲ್ಲಿಯೂ ಇದೆ. ಹದಿನೇಳನೆಯ ವಯಸ್ಸಿನಲ್ಲಿ, ೧೭೭೦ರಲ್ಲಿ, ಬಡತನದಲ್ಲಿ ವಿಷದಿಂದ ಸತ್ತ ಆಂಗ್ಲಕವಿಯೊಬ್ಬನನ್ನು ಕುರಿತದ್ದು ಈ ಚಿತ್ರ. ಆದರೆ ಫಲಕ ಮರೆಯಾಗಿರುವಾಗ ವಿದ್ಯಾರ್ಥಿಗೆ ಇದೊಂದೂ ತಿಳಿಯದು. ಅವನು ನೋಡುತ್ತಾನೆ: ಅಟ್ಟದ ಮೇಲಿನ ಕಿರಿದಾದ ಕೋಣೆ, ಹಾಸಿಗೆಯ ಮೇಲೆ ಒರಗಿದ ಕೆಂಗೂದಲಿನ ತರುಣ. "ಕುಡಿದು ಮಲಗಿದ್ದಾನೆ" ಎಂದು ಒಬ್ಬನು ಥಟ್ಟನೆ ಹೇಳಬಹುದು. "ದಣಿದು ನಿದ್ದೆಹೋಗಿದ್ದಾನೆ" ಎಂದು ಇನ್ನೊಬ್ಬಳು. "ಸತ್ತಿದ್ದಾನೆ" ಎಂದು ಮತ್ತೊಬ್ಬನು. ಅಧ್ಯಾಪಕರು ಯಾರನ್ನೂ ಸರಿಯೆನ್ನುವುದಿಲ್ಲ, ತಪ್ಪೆನ್ನುವುದಿಲ್ಲ. "ಹಾಗೆನ್ನುವುದಕ್ಕೆ ನೀವು ಕಂಡದ್ದೇನು?" ಎಂದು ಕೇಳುತ್ತಾರೆ. ಆಗ ಕಣ್ಣು ಮತ್ತೆ ಚಿತ್ರಕ್ಕೆ ಮರಳಬೇಕಾಗುತ್ತದೆ. ಮುಖದ ಬಣ್ಣ ಯಾವುದು? ಅದು ಬೆಳಕಿನ ಬಣ್ಣವೋ, ಚರ್ಮದ ಬಣ್ಣವೋ? ಕೈಯೊಂದು ನೆಲದ ಕಡೆಗೆ ಜೋತುಬಿದ್ದಿದೆ, ನೆಲದ ಮೇಲೆ ಒಂದು ಪುಟ್ಟ ಸೀಸೆ ಉರುಳಿದೆ, ಹರಿದೆಸೆದ ಕಾಗದದ ಚೂರುಗಳಿವೆ, ಮೇಣದ ಬತ್ತಿ ಆಗಷ್ಟೆ ಆರಿ ಹೊಗೆಯ ಎಳೆಯೊಂದು ಏಳುತ್ತಿದೆ, ಕಿಟಕಿಯಾಚೆ ಬೆಳಗಾಗುತ್ತಿದೆ. ಈ ಒಂದೊಂದೂ ಒಂದೊಂದು ಸಾಕ್ಷ್ಯ. ಕುಡಿದವನೆಂದವನಿಗೆ ಸೀಸೆ ಕಂಡಿತ್ತು, ಮುಖದ ಬಣ್ಣ ಕಂಡಿರಲಿಲ್ಲ. ಸತ್ತವನೆಂದವನ ಮಾತು ನಿಜವಾದರೂ ಅವನು ಆಧಾರವಿಲ್ಲದೆ ಅದನ್ನು ಹೇಳಿದ್ದರೆ ಅದು ಬರಿಯ ಊಹೆ. ಊಹೆ ಒಮ್ಮೆ ಫಲಿಸಿದ ಮಾತ್ರಕ್ಕೆ ವಿದ್ಯೆಯಾಗುವುದಿಲ್ಲ.

ಹಾಗಾದರೆ ಇದಕ್ಕೆ ಚಿತ್ರವೇ ಏಕೆ ಬೇಕು? ಆಸ್ಪತ್ರೆಯಲ್ಲಿ ರೋಗಿಗಳಿಲ್ಲವೆ? ಈ ಆಕ್ಷೇಪಕ್ಕೆ ಬ್ರೇವರ್‌ಮನ್ನರ ಉತ್ತರ ಮನನೀಯವಾದುದು. ರೋಗಿಯ ಮುಂದೆ ನಿಂತ ವಿದ್ಯಾರ್ಥಿಗೆ ಯಾವುದು ಮುಖ್ಯ, ಯಾವುದು ಅಮುಖ್ಯ ಎಂದು ಯಾರೋ ಆಗಲೇ ಹೇಳಿಕೊಟ್ಟಿರುತ್ತಾರೆ. ಅವನು ಹೇಳಿಕೊಟ್ಟದ್ದನ್ನಷ್ಟೇ ಹುಡುಕುತ್ತಾನೆ. ಚಿತ್ರದ ಮುಂದೆ ನಿಂತಾಗ ಆ ಪೂರ್ವಜ್ಞಾನದ ಆಸರೆ ಇಲ್ಲ. ಯಾವುದು ಮುಖ್ಯವೆಂದು ತಿಳಿಯದ ಕಾರಣ ಎಲ್ಲವನ್ನೂ ಹೇಳಬೇಕಾಗುತ್ತದೆ. ಅಜ್ಞಾನವೇ ಇಲ್ಲಿ ಉಪಕಾರಿ. ಇದರ ಜೊತೆಗೆ ಇನ್ನೆರಡು ಕಾರಣಗಳನ್ನು ನಾನು ಸೇರಿಸಬಯಸುತ್ತೇನೆ. ಚಿತ್ರ ನಿಶ್ಚಲವಾದದ್ದು, ಹತ್ತು ಸಲ ಹಿಂದಿರುಗಿ ನೋಡಿದರೂ ಬದಲಾಗದು, ಬೇಸರಗೊಳ್ಳದು. ಎರಡನೆಯದು ಇನ್ನೂ ಮುಖ್ಯ: ಚಿತ್ರಕ್ಕೆ ನೋವಿಲ್ಲ, ನಾಚಿಕೆಯಿಲ್ಲ. ಮಂಚದ ಮೇಲೆ ಅರೆಬತ್ತಲೆಯಾಗಿ ಮಲಗಿದ ಬಡ ರೋಗಿಯ ಸುತ್ತ ಇಪ್ಪತ್ತು ಮಂದಿ ವಿದ್ಯಾರ್ಥಿಗಳು ನೆರೆದು ದಿಟ್ಟಿಸುವಾಗ ಆ ಜೀವಕ್ಕೆ ಆಗುವ ಸಂಕೋಚವನ್ನು ನೆನೆದುಕೊಳ್ಳಿ. ಕಣ್ಣಿನ ಮೊದಲ ಪಾಠಗಳನ್ನು, ಎಡವಿ ಕಲಿಯುವ ಪಾಠಗಳನ್ನು, ನೋಯದ ವಸ್ತುವಿನ ಮುಂದೆ ಕಲಿಯುವುದು ಮನುಷ್ಯತ್ವದ ದೃಷ್ಟಿಯಿಂದಲೂ ಉಚಿತ.

ಯೇಲ್ ಪ್ರಯೋಗದ ಫಲವನ್ನು ಬ್ರೇವರ್‌ಮನ್ ಮತ್ತು ಸಂಗಡಿಗರು ೨೦೦೧ರಲ್ಲಿ ಅಮೆರಿಕಾದ ವೈದ್ಯಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಚಿತ್ರಶಾಲೆಗೆ ಹೋದವರು ರೋಗಿಗಳ ಛಾಯಾಚಿತ್ರಗಳನ್ನು ವರ್ಣಿಸುವುದರಲ್ಲಿ, ಸಾಮಾನ್ಯ ಕ್ರಮದ ಪಾಠ ಕೇಳಿದವರಿಗಿಂತ ಮುಂದಾಗಿದ್ದರು. ಹಾರ್ವರ್ಡ್ ವಿದ್ಯಾರ್ಥಿಗಳು ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯದಲ್ಲಿ ಇಂಥದೇ ಶಿಕ್ಷಣ ಪಡೆದರು. ೨೦೦೮ರಲ್ಲಿ ಪ್ರಕಟವಾದ ಅದರ ವರದಿಯೂ ಅನುಕೂಲವಾಗಿತ್ತು. ೨೦೧೭ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಮೊದಲ ವರ್ಷದ ೩೬ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಫಿಲಡೆಲ್ಫಿಯಾ ಕಲಾಸಂಗ್ರಹಾಲಯದಲ್ಲಿ ಒಂದೂವರೆ ಗಂಟೆಯ ಆರು ಪಾಠಗಳನ್ನು ಹೇಳಿಸಿ, ಕಣ್ಣಿನ ರೋಗಗಳ ಚಿತ್ರಗಳನ್ನು ವರ್ಣಿಸುವುದರಲ್ಲಿ ಆ ಗುಂಪು ಮೇಲುಗೈಯಾದುದನ್ನು ತೋರಿಸಿಕೊಟ್ಟರು. ಇಷ್ಟರಿಂದಲೇ ಜಯಭೇರಿ ಹೊಡೆಯುವುದು ಸಲ್ಲದು. ಈ ಪರೀಕ್ಷೆಗಳು ಅಳೆದದ್ದು ವರ್ಣನೆಯ ಶಕ್ತಿಯನ್ನು. ಆ ಶಕ್ತಿಯಿಂದ ಎಷ್ಟು ರೋಗಿಗಳು ಬೇಗ ಗುಣಮುಖರಾದರು ಎಂಬುದನ್ನಲ್ಲ. ಗುಂಪುಗಳು ಚಿಕ್ಕವು, ಅವಧಿ ಸ್ವಲ್ಪ. ಆದರೂ ಕಣ್ಣನ್ನು ತಿದ್ದಬಹುದು, ತಿದ್ದಿದರೆ ತಿದ್ದಿಕೊಳ್ಳುತ್ತದೆ ಎಂಬಷ್ಟನ್ನು ಇವು ಸ್ಥಾಪಿಸಿವೆ. ನೋಟವು ಹುಟ್ಟುಗುಣವೆಂದು ಕೈಕಟ್ಟಿ ಕುಳಿತವರಿಗೆ ಇದು ಸಾಕಷ್ಟು ಉತ್ತರ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಚಿತ್ರದಲ್ಲಿರುವ ವ್ಯಕ್ತಿಗೆ ಯಾವ ರೋಗವಿತ್ತೆಂದು ಪತ್ತೆಹಚ್ಚುವುದು ವೈದ್ಯರಲ್ಲಿ ಕೆಲವರಿಗೆ ಪ್ರಿಯವಾದ ವಿನೋದ. ರೆಂಬ್ರಾಂಟನು ೧೬೫೪ರಲ್ಲಿ ಬರೆದ 'ಬತ್‌ಶೀಬಾ' ಎಂಬ ಚಿತ್ರದಲ್ಲಿ ಆ ಹೆಣ್ಣಿನ ಎಡಸ್ತನದ ಮೇಲೆ ಒಂದು ನೆರಳಿನಂಥ ಗುಳಿ ಇದೆ. ೧೯೮೩ರಲ್ಲಿ ಇಬ್ಬರು ಲೇಖಕರು ಅದನ್ನು ಕ್ಯಾನ್ಸರಿನ ಗುರುತೆಂದು ವಾದಿಸಿದರು. ಬೇರೆಯವರು ಅದನ್ನು ಒಪ್ಪಲಿಲ್ಲ. ಮುನ್ನೂರು ವರ್ಷಗಳ ಹಿಂದೆ ತೀರಿಹೋದವಳಿಗೆ ರೋಗವನ್ನು ಹಂಚುವ ಈ ಚರ್ಚೆ ರಂಜಕವಾದದ್ದೇ. ಆದರೆ ಅದು ನಮ್ಮ ವಿಷಯವಲ್ಲ. ಅಲ್ಲಿ ತೀರ್ಪು ಮುಖ್ಯ, ಇಲ್ಲಿ ತೀರ್ಪನ್ನು ತಡೆಹಿಡಿಯುವುದು ಮುಖ್ಯ. ಹಾಗೆಯೇ, ವೈದ್ಯರನ್ನು ಸುಸಂಸ್ಕೃತರನ್ನಾಗಿ ಮಾಡುವುದಕ್ಕಾಗಿ, ಸಭೆ ಸಮಾರಂಭಗಳಲ್ಲಿ ಕಲೆಯ ವಿಷಯವಾಗಿ ನಾಲ್ಕು ಮಾತಾಡುವುದಕ್ಕಾಗಿ ಈ ಶಿಕ್ಷಣ ಎಂದು ತಿಳಿದರೂ ತಪ್ಪೇ. ಕಲೆ ಇಲ್ಲಿ ಆಭರಣವಲ್ಲ, ಸಾಣೆಕಲ್ಲು.

ತೀರ್ಪಿನ ಅವಸರ ಎಂಥ ಕುರುಡನ್ನು ತರಬಲ್ಲದೆಂಬುದಕ್ಕೆ ೨೦೧೩ರಲ್ಲಿ ಪ್ರಕಟವಾದ ಒಂದು ಪ್ರಯೋಗ ಸಾಕ್ಷಿಯಾಗಿದೆ. ಅಮೆರಿಕಾದ ಸಂಶೋಧಕರು ೨೪ ಮಂದಿ ಕ್ಷಕಿರಣತಜ್ಞರಿಗೆ ಶ್ವಾಸಕೋಶದ ಸ್ಕ್ಯಾನ್ ಚಿತ್ರಗಳನ್ನು ಕೊಟ್ಟು, ಅವುಗಳಲ್ಲಿ ಪುಟ್ಟ ಗಂಟುಗಳನ್ನು ಹುಡುಕುವಂತೆ ಹೇಳಿದರು. ಕೊನೆಯ ಚಿತ್ರಗಳಲ್ಲಿ, ಸರಾಸರಿ ಗಂಟಿಗಿಂತ ೪೮ ಪಾಲು ದೊಡ್ಡದಾದ ಗೊರಿಲ್ಲಾದ ಆಕೃತಿಯೊಂದನ್ನು ಸೇರಿಸಿಟ್ಟಿದ್ದರು. ೨೪ ಮಂದಿಯಲ್ಲಿ ೨೦ ಮಂದಿಗೆ ಅದು ಕಾಣಲಿಲ್ಲ. ಕಣ್ಣಿನ ಚಲನೆಯನ್ನು ಯಂತ್ರದಿಂದ ಗುರುತಿಸಿದಾಗ, ಕಾಣದವರಲ್ಲಿ ಬಹುಮಂದಿಯ ದೃಷ್ಟಿ ನೇರವಾಗಿ ಅದರ ಮೇಲೆಯೇ ಬಿದ್ದಿದ್ದುದು ತಿಳಿಯಿತು. ಅವರು ನೋಡಿದ್ದರು, ಕಂಡಿರಲಿಲ್ಲ. ಇವರು ಅನನುಭವಿಗಳಲ್ಲ, ಕಣ್ಣನ್ನೇ ನೆಚ್ಚಿ ಬದುಕುವ ತಜ್ಞರು. ಆದಕಾರಣ ಈಗ ಸ್ಕ್ಯಾನ್ ಯಂತ್ರಗಳಿರುವಾಗ ಬರಿಗಣ್ಣಿನ ಶಿಕ್ಷಣವೇಕೆ ಎನ್ನುವವರು ಸ್ವಲ್ಪ ಯೋಚಿಸಬೇಕು. ಯಂತ್ರ ತೋರಿಸಬಲ್ಲದು, ತೋರಿಸಿದ್ದನ್ನು ಕಾಣುವುದು ಯಾರ ಕೆಲಸ? ಯಂತ್ರಗಳು ಹೆಚ್ಚಿದಂತೆಲ್ಲ ನೋಡಬೇಕಾದ ಚಿತ್ರಗಳೂ ಹೆಚ್ಚುತ್ತವೆ.

ಕನ್ನಡದಲ್ಲಿ ಒಂದು ಅಕ್ಷರದ ಉಸಿರಿನಷ್ಟೇ ಅಂತರವುಳ್ಳ ಎರಡು ಶಬ್ದಗಳಿವೆ: 'ನಿದಾನ' ಮತ್ತು 'ನಿಧಾನ'. ರೋಗದ ಮೂಲವನ್ನು ಗೊತ್ತುಮಾಡುವುದು ನಿದಾನ, ಅವಸರವಿಲ್ಲದಿರುವುದು ನಿಧಾನ. ವ್ಯುತ್ಪತ್ತಿಯಲ್ಲಿ ಇವು ಬೇರೆಬೇರೆಯೇ. ಉಚ್ಚಾರಣೆ ಸಡಿಲವಾದ ಬಾಯಲ್ಲಿ ಮಾತ್ರ ಒಂದಾಗುತ್ತವೆ. ವ್ಯಾಕರಣದ ದೃಷ್ಟಿಯಿಂದ ಅದು ದೋಷ. ಆದರೆ ವೈದ್ಯಕದ ದೃಷ್ಟಿಯಿಂದ ಆ ದೋಷದಲ್ಲಿಯೂ ಒಂದು ವಿವೇಕವಿದೆಯೆಂದು ನನಗೆ ತೋರುತ್ತದೆ. ನಿಧಾನವಿಲ್ಲದ ನಿದಾನವನ್ನು ನಂಬುವುದು ಹೇಗೆ?

ಇಲ್ಲಿ ಒಂದು ಪ್ರಬಲವಾದ ಆಕ್ಷೇಪಣೆ ಏಳುತ್ತದೆ. ಹದಿನೈದು ನಿಮಿಷ ಒಂದೇ ಚಿತ್ರವನ್ನು ನೋಡುವ ವೈಭವ ಶ್ರೀಮಂತ ದೇಶಗಳಿಗೆ ಸರಿ. ೨೦೧೭ರಲ್ಲಿ ಬ್ರಿಟನ್ನಿನ ವೈದ್ಯಪತ್ರಿಕೆಯೊಂದರಲ್ಲಿ ೬೭ ದೇಶಗಳ ಅಂಕಿ ಅಂಶಗಳ ಸಮೀಕ್ಷೆ ಬಂದಿತು: ಪ್ರಾಥಮಿಕ ಚಿಕಿತ್ಸೆಯ ವೈದ್ಯನು ಒಬ್ಬ ರೋಗಿಗೆ ಕೊಡುವ ಕಾಲ ಸ್ವೀಡನ್ನಿನಲ್ಲಿ ಇಪ್ಪತ್ತೆರಡೂವರೆ ನಿಮಿಷ, ಬಾಂಗ್ಲಾದೇಶದಲ್ಲಿ ೪೮ ಸೆಕೆಂಡು. ನಮ್ಮ ದೇಶದ್ದು ಸುಮಾರು ಎರಡು ನಿಮಿಷ. ಹೊರಗೆ ಸಾಲು ಬೆಳೆಯುತ್ತಿರುವಾಗ ನಿಧಾನದ ಉಪದೇಶ ಮಾಡುವುದು ಕುಹಕವಲ್ಲವೆ ಎಂದು ವೈದ್ಯಮಿತ್ರರು ಕೇಳಬಹುದು. ಪ್ರಶ್ನೆ ನ್ಯಾಯವಾದುದು, ಆ ಸಾಲಿಗೆ ಹೊಣೆಗಾರನು ವೈದ್ಯನೊಬ್ಬನೇ ಅಲ್ಲವೆಂಬುದನ್ನೂ ಒಪ್ಪಬೇಕು. ಆದರೆ ಸಂಗೀತಗಾರನು ಅಭ್ಯಾಸವನ್ನು ವಿಳಂಬದಲ್ಲಿ ಮಾಡುವುದು ದ್ರುತದಲ್ಲಿ ಹಾಡುವುದಕ್ಕಾಗಿ. ಕಲಿಯುವಾಗ ನಿಧಾನವಾಗಿ ಪಳಗಿದ ಕಣ್ಣು ಮುಂದೆ ಎರಡು ನಿಮಿಷದಲ್ಲಿಯೂ ಹೆಚ್ಚನ್ನು ಕಾಣಬಲ್ಲದು. ಇಪ್ಪತ್ತೆರಡು ನಿಮಿಷ ಇರುವವನು ಒಮ್ಮೆ ತಪ್ಪಿದರೆ ಮತ್ತೊಮ್ಮೆ ನೋಡಿಯಾನು. ಎರಡೇ ನಿಮಿಷ ಇರುವವನಿಗೆ ಆ ಅವಕಾಶವಿಲ್ಲ. ಆದ್ದರಿಂದ ತಿದ್ದಿದ ಕಣ್ಣಿನ ಅಗತ್ಯ ಬಡ ದೇಶದ ವೈದ್ಯನಿಗೇ ಹೆಚ್ಚು.

ಈಗ ನನ್ನ ಕಸುಬಿಗೆ ಸೇರಿದ ಮಾತು. ಕಂಡದ್ದು ಮಾತಾಗದೆ ಪೂರ್ಣವಾಗುವುದಿಲ್ಲ. ಯೇಲ್ ವಿದ್ಯಾರ್ಥಿಯು ಚಿತ್ರವನ್ನು ನೋಡಿ ಸುಮ್ಮನೆ ಹೊರಟುಹೋಗುವಂತಿರಲಿಲ್ಲ. ನಾಲ್ಕು ಜನರ ಮುಂದೆ ಅದನ್ನು ನುಡಿಯಬೇಕಾಗಿತ್ತು. 'ಕೆಂಪು' ಎಂದರೆ ಸಾಲದು, ಎಂಥ ಕೆಂಪು? ಇಟ್ಟಿಗೆಯದೋ, ಕುಂಕುಮದ್ದೋ, ಹಣ್ಣಾದ ನೇರಿಳೆಯ ಕಡೆಗೆ ತಿರುಗಿದ್ದೋ? ಅಂಚು ಗೆರೆ ಎಳೆದಂತಿದೆಯೋ, ನೀರಲ್ಲಿ ಹರಡಿದ ಶಾಯಿಯಂತಿದೆಯೋ? ಶಬ್ದಕ್ಕಾಗಿ ತಡಕಾಡುವಾಗ ಕಣ್ಣು ಮತ್ತೊಮ್ಮೆ ವಸ್ತುವಿನ ಕಡೆಗೆ ಓಡುತ್ತದೆ. ಹೊಸದೊಂದು ವಿವರ ಕಾಣುತ್ತದೆ. ಶಬ್ದದಾರಿದ್ರ್ಯವಿದ್ದಲ್ಲಿ ದೃಷ್ಟಿದಾರಿದ್ರ್ಯವೂ ಇರುತ್ತದೆ. ಸಾಹಿತ್ಯದ ತರಗತಿಗಳೂ ಈ ದಾರಿದ್ರ್ಯದಿಂದ ಮುಕ್ತವಲ್ಲ. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ "ಕವಿಯು ಪ್ರಕೃತಿಯ ಸೌಂದರ್ಯವನ್ನು ಮನೋಹರವಾಗಿ ಬಣ್ಣಿಸಿದ್ದಾನೆ" ಎಂಬ ವಾಕ್ಯ ಎಷ್ಟು ಸಾವಿರ ಸಲ ಬರುವುದೋ ಬಲ್ಲವರು ಬಲ್ಲರು. ಕವಿ ಯಾವ ಮರವನ್ನು ಹೇಳಿದ್ದಾನೆ, ಯಾವ ಹೊತ್ತಿನ ಬೆಳಕನ್ನು ಹೇಳಿದ್ದಾನೆ ಎಂಬುದು ಅಲ್ಲಿರುವುದಿಲ್ಲ. ತೀರ್ಪಿದೆ, ಸಾಕ್ಷ್ಯವಿಲ್ಲ. ಮಾರುಕಟ್ಟೆಯ ಗೈಡು ಕೊಟ್ಟ ತೀರ್ಪನ್ನು ಗಿಳಿಪಾಠ ಮಾಡುವ ಸಾಹಿತ್ಯವಿದ್ಯಾರ್ಥಿಗೂ ರೋಗದ ಹೆಸರನ್ನು ಮೊದಲು ನಿಶ್ಚಯಿಸಿ ಆಮೇಲೆ ಲಕ್ಷಣಗಳನ್ನು ಹೊಂದಿಸುವ ವೈದ್ಯವಿದ್ಯಾರ್ಥಿಗೂ ಇರುವುದು ಒಂದೇ ಬೇನೆ. 'ಲಕ್ಷಣ' ಎಂಬ ಶಬ್ದವನ್ನು ಕಾವ್ಯಮೀಮಾಂಸೆಯೂ ವೈದ್ಯಶಾಸ್ತ್ರವೂ ಹಂಚಿಕೊಂಡಿರುವುದು ಬರಿಯ ಆಕಸ್ಮಿಕವಲ್ಲ.

ಕರ್ನಾಟಕದ ಮಟ್ಟಿಗೆ ಇದಕ್ಕೆ ಇನ್ನೊಂದು ಮುಖವಿದೆ. ನಮ್ಮ ರೋಗಿ ತೋರಿಸುವುದು ಕನ್ನಡದಲ್ಲಿ. ವೈದ್ಯರು ಬರೆದುಕೊಳ್ಳುವುದು ಇಂಗ್ಲಿಷಿನಲ್ಲಿ. ಹಳ್ಳಿಯ ಹೆಂಗಸು ತನ್ನ ನೋವನ್ನು ಹೇಳುವ ಸೂಕ್ಷ್ಮವನ್ನು ಕೇಳಿ: ಚುಚ್ಚುತ್ತದೆ, ಹಿಂಡುತ್ತದೆ, ಸೆಳೆಯುತ್ತದೆ, ಉರಿಯುತ್ತದೆ, ಜುಮ್ಮೆನ್ನುತ್ತದೆ, ಮರಗಟ್ಟುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಒಂದೊಂದು ಮಾತೂ ಒಂದೊಂದು ಬೇರೆ ದಾರಿಯನ್ನು ತೋರಿಸುತ್ತದೆ. ಇವೆಲ್ಲವೂ 'ನೋವು' ಎಂಬ ಒಂದೇ ಇಂಗ್ಲಿಷ್ ಶಬ್ದವಾಗಿ ಚೀಟಿಗೆ ಇಳಿದರೆ ಅರ್ಧ ಸಾಕ್ಷ್ಯ ಅಲ್ಲಿಯೇ ಕಳೆದುಹೋದಂತೆ. ೨೦೧೯ರಲ್ಲಿ ಜಾರಿಗೆ ಬಂದ ವೈದ್ಯಶಿಕ್ಷಣದ ಹೊಸ ಪಠ್ಯಕ್ರಮವು ಮನೋಭಾವ, ನೀತಿ, ಸಂಭಾಷಣೆಗಳ ಪಾಠಕ್ಕೆ ಸ್ಥಾನ ಕೊಟ್ಟಿತು. ಆರಂಭದ ತರಬೇತಿಯಲ್ಲಿ ಸ್ಥಳೀಯ ಭಾಷೆಯನ್ನೂ ಸೇರಿಸಿತು. ಇದು ಸ್ವಾಗತಾರ್ಹ. ಆದರೆ ಭಾಷೆಯ ಪಾಠವೆಂದರೆ "ನಿಮ್ಮ ಹೆಸರೇನು, ಎಷ್ಟು ದಿನದಿಂದ ಜ್ವರ" ಎಂಬ ಹತ್ತು ವಾಕ್ಯಗಳ ಬಾಯಿಪಾಠವಾದರೆ ಪ್ರಯೋಜನ ಅಲ್ಪ. ಒಂದು ಚಿತ್ರವನ್ನು ಮುಂದಿಟ್ಟು, ಕಂಡದ್ದನ್ನು ಕನ್ನಡದಲ್ಲಿ ಹೇಳಿ ಎಂದರೆ ಭಾಷೆಯೂ ಕಣ್ಣೂ ಒಟ್ಟಿಗೆ ಪಳಗುತ್ತವೆ.

ಅಂಥ ಚಿತ್ರಗಳಿಗಾಗಿ ನಾವು ಸಮುದ್ರ ದಾಟಬೇಕಾಗಿಲ್ಲ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ದೀಪ ಹಿಡಿದ ಮಹಿಳೆಯ ಚಿತ್ರವನ್ನು ನೋಡದ ಪ್ರವಾಸಿಯೇ ವಿರಳ. ಅದನ್ನು ನೋಡಿ ಬಂದವರಲ್ಲಿ ಅನೇಕರು "ರವಿವರ್ಮನ ಚಿತ್ರ" ಎಂದು ಹೇಳುತ್ತಾರೆ. ಆದರೆ ಬರೆದವರು ಸಾವಂತವಾಡಿಯಲ್ಲಿ ಹುಟ್ಟಿದ ಎಸ್. ಎಲ್. ಹಲ್ದಣ್ಕರ್, ಕಾಲ ೧೯೪೦ರ ದಶಕದ ಮಧ್ಯಭಾಗ. ರವಿವರ್ಮನು ತೀರಿಹೋದದ್ದು ೧೯೦೬ರಲ್ಲಿ. ರವಿವರ್ಮನ ಪ್ರಸಿದ್ಧ ಚಿತ್ರಗಳು ತೈಲವರ್ಣದವು; ಇದು ಜಲವರ್ಣ. ಅವನ ಚಿತ್ರಗಳೂ ಅದೇ ಚಿತ್ರಶಾಲೆಯಲ್ಲಿವೆ. ಎರಡನ್ನೂ ಹೋಲಿಸಿ ನೋಡುವುದು ಕಷ್ಟವಲ್ಲ. ಆದರೂ ಕೇಳಿದ ಹೆಸರು ಕಂಡ ಚಿತ್ರವನ್ನು ಮುಚ್ಚಿಬಿಟ್ಟಿದೆ! ಆಸ್ಪತ್ರೆಯಲ್ಲಿ ಹಳೆಯ ಚೀಟಿಯ ಮೇಲಿದ್ದ ರೋಗದ ಹೆಸರೇ ಮುಂದಿನ ಚೀಟಿಗೂ ಇಳಿಯುತ್ತ ಹೋಗುವುದು ಇದೇ ರೀತಿಯಲ್ಲಿ.

ಆ ಚಿತ್ರವನ್ನೇ ವೈದ್ಯವಿದ್ಯಾರ್ಥಿಯ ಮುಂದೆ ಇಡೋಣ. ಹೆಣ್ಣು ಕೈಯನ್ನು ಅಡ್ಡಹಿಡಿದು ದೀಪವನ್ನು ಕಾಪಾಡುತ್ತಿದ್ದಾಳೆ. ಬೆಳಕು ಬೆರಳುಗಳ ಸಂದಿನಲ್ಲಿ ಮಾತ್ರವಲ್ಲ, ಬೆರಳುಗಳ ಒಳಗಿನಿಂದಲೇ ಬಂದಂತೆ ಕೆಂಪಾಗಿ ಹೊಳೆಯುತ್ತದೆ. ಏಕೆ ಕೆಂಪು? ಮಾಂಸದಲ್ಲಿ ಹರಿಯುವ ರಕ್ತ ಬೆಳಕನ್ನು ಸೋಸಿ ಕಳಿಸುತ್ತಿದೆ. ಊತದ ಹಿಂದೆ ದೀಪ ಹಿಡಿದು, ಒಳಗಿರುವುದು ನೀರೋ ಗಟ್ಟಿಯೋ ಎಂದು ನೋಡುವ ಪರೀಕ್ಷೆಯನ್ನು ಆ ವಿದ್ಯಾರ್ಥಿ ಮುಂದೆ ಕಲಿಯಲಿದ್ದಾನೆ; ಅದರ ಮೊದಲ ಪಾಠ ಇಲ್ಲಿಯೇ ಇದೆ. ಮುಖದ ಮೇಲೆ ದೀಪದ ಹೊಂಬಣ್ಣ ಹರಡಿದೆ. ಆ ಬೆಳಕಿನಲ್ಲಿ ಕಾಮಾಲೆಯ ಹಳದಿಯನ್ನು ಗುರುತಿಸುವುದು ಸಾಧ್ಯವೆ? ಸಾಧ್ಯವಿಲ್ಲ, ಆದ್ದರಿಂದಲೇ ಕಣ್ಣಿನ ಬಿಳಿಯನ್ನು ಹಗಲಿನ ಬೆಳಕಿನಲ್ಲಿ ನೋಡಬೇಕೆಂಬ ನಿಯಮ. ಇದರ ಜೊತೆಗೆ ನಮ್ಮವರ ಮೈಬಣ್ಣದ ವಿಚಾರವೂ ಇದೆ. ಪಾಶ್ಚಾತ್ಯ ಪಠ್ಯಪುಸ್ತಕಗಳಲ್ಲಿ ಕೆಂಪಾದ ಗುಳ್ಳೆ, ಬಿಳಿಚಿದ ಮುಖ ಎಂದು ವರ್ಣಿಸಿರುವುದು ಬಹುಮಟ್ಟಿಗೆ ಬಿಳಿಯ ಚರ್ಮವನ್ನು. ಕಪ್ಪು, ಎಣ್ಣೆಗಪ್ಪು, ಗೋದಿ ಬಣ್ಣದ ಮೈಗಳಲ್ಲಿ ಅದೇ ಕೆಂಪು ಕಂದಾಗಿ, ನೇರಿಳೆಯಾಗಿ, ಬೂದಿಯಾಗಿ ತೋರುತ್ತದೆ. ರಕ್ತಹೀನತೆಯನ್ನು ಮುಖದಲ್ಲಿ ಹುಡುಕದೆ ಕಣ್ಣಿನ ಕೆಳರೆಪ್ಪೆಯ ಒಳಗೆ, ನಾಲಗೆಯಲ್ಲಿ, ಅಂಗೈಯಲ್ಲಿ, ಉಗುರಿನಲ್ಲಿ ಹುಡುಕಬೇಕಾಗುತ್ತದೆ. ನಮ್ಮ ಮೈಬಣ್ಣಗಳ ನೂರು ಛಾಯೆಗಳನ್ನು ಕುಂಚದಲ್ಲಿ ಹಿಡಿದ ನಮ್ಮ ಚಿತ್ರಗಾರರಿಗಿಂತ ಒಳ್ಳೆಯ ಗುರುಗಳು ಇದಕ್ಕೆ ಯಾರು?

೧೯೨೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ೧೯೩೦ರಲ್ಲಿ ಮೈಸೂರಿಗೆ ಬಂದ ವೈದ್ಯಕಾಲೇಜಿಗೂ ಜಗನ್ಮೋಹನ ಅರಮನೆಗೂ ನಡುವೆ ಹೆಚ್ಚಿನ ದೂರವೇನೂ ಇಲ್ಲ. ತಿಂಗಳಿಗೊಂದು ಮಧ್ಯಾಹ್ನ ಹತ್ತು ಹನ್ನೆರಡು ವಿದ್ಯಾರ್ಥಿಗಳು, ಒಬ್ಬ ವೈದ್ಯ ಅಧ್ಯಾಪಕರು, ಒಬ್ಬ ಚಿತ್ರಗಾರರು, ಒಬ್ಬ ಕನ್ನಡ ಅಧ್ಯಾಪಕರು ಕೂಡಿ ನಡೆದು ಹೋಗಬಹುದು. ಖರ್ಚು ಪ್ರವೇಶದ ಚೀಟಿಯಷ್ಟು. ಚಿತ್ರಶಾಲೆ ಇಲ್ಲದ ಊರಿನಲ್ಲಿ ಒಂದು ಒಳ್ಳೆಯ ಮುದ್ರಿತ ಪ್ರತಿಯೂ ಸಾಕು. ಸಮೀಪದ ದೇವಾಲಯದ ಶಿಲ್ಪವೂ ಆದೀತು. ಹೆಸರು ಹೇಳದೆ ಮುಂದೆ ನಿಲ್ಲಿಸಿ, ಹದಿನೈದು ನಿಮಿಷ ಮೌನವಾಗಿ ನೋಡಿಸಿ, "ಕಂಡದ್ದೇನು? ಹಾಗೆನ್ನಲು ಆಧಾರವೇನು? ಇನ್ನೇನು ಕಾಣುತ್ತದೆ?" ಎಂಬ ಮೂರು ಪ್ರಶ್ನೆಗಳನ್ನು ಕೇಳಿದರಾಯಿತು. ಇದಕ್ಕೆ ಅಂಕಗಳನ್ನು ಮಾತ್ರ ಗೊತ್ತುಮಾಡಬಾರದು. ಅಂಕ ಬಂದೊಡನೆ ಗೈಡು ಬರುತ್ತದೆ. ಗೈಡು ಬಂದೊಡನೆ ಕಣ್ಣು ಮುಚ್ಚುತ್ತದೆ.

ಕಡೆಯದಾಗಿ ಒಂದು ಚಿತ್ರವನ್ನು ಹೆಸರಿಸಬೇಕು. ಲ್ಯೂಕ್ ಫೈಲ್ಡ್ಸ್ ಎಂಬ ಆಂಗ್ಲ ಚಿತ್ರಗಾರನು ೧೮೯೧ರಲ್ಲಿ ಪ್ರದರ್ಶಿಸಿದ 'ದಿ ಡಾಕ್ಟರ್' ಅದು. ಫೈಲ್ಡ್ಸನ ಎಳೆಯ ಮಗನು ೧೮೭೭ರಲ್ಲಿ ತೀರಿಹೋಗಿದ್ದನು. ಆಗ ಆರೈಕೆ ಮಾಡಿದ ವೈದ್ಯನ ನೆನಪು ಈ ಚಿತ್ರದ ಹಿಂದೆ ಇದೆಯೆನ್ನುತ್ತಾರೆ. ಬಡವರ ಗುಡಿಸಲು, ಎರಡು ಕುರ್ಚಿಗಳನ್ನು ಜೋಡಿಸಿ ಮಾಡಿದ ಹಾಸಿಗೆಯ ಮೇಲೆ ಕಾಯಿಲೆಯ ಮಗು, ಹಿಂದೆ ಮೇಜಿನ ಮೇಲೆ ತಲೆಯಿಟ್ಟ ತಾಯಿ, ಅವಳ ಹೆಗಲ ಮೇಲೆ ಕೈಯಿಟ್ಟು ನಿಂತ ತಂದೆ. ಕಿಟಕಿಯಲ್ಲಿ ಬೆಳಗಿನ ಬೆಳಕು ಸುಳಿಯುತ್ತಿದೆ. ಗಲ್ಲಕ್ಕೆ ಕೈಯಾನಿಸಿ, ಮುಂದಕ್ಕೆ ಬಾಗಿ, ವೈದ್ಯನು ಮಗುವನ್ನು ನೋಡುತ್ತಿದ್ದಾನೆ. ಆ ಕಾಲದ ವೈದ್ಯನ ಚೀಲದಲ್ಲಿ ಮಾಡಬಹುದಾದದ್ದು ಸ್ವಲ್ಪವೇ ಇತ್ತು. ನೋಡುವುದೊಂದನ್ನು ಅವನು ಇಡೀ ರಾತ್ರಿ ಮಾಡಿದ್ದ. ಈ ಚಿತ್ರದಲ್ಲಿ ಭಾವುಕತೆ ಹೆಚ್ಚೆಂದು ಹೇಳುವ ವಿಮರ್ಶಕರಿದ್ದಾರೆ, ಇರಲಿ. ಇಂದಿನ ವೈದ್ಯನ ಬಳಿ ಫೈಲ್ಡ್ಸನ ವೈದ್ಯನು ಕನಸಿನಲ್ಲಿಯೂ ಕಾಣದ ಔಷಧಗಳಿವೆ, ಯಂತ್ರಗಳಿವೆ. ಆ ಮಗುವನ್ನು ಇಂದು ಬದುಕಿಸಬಹುದಾಗಿತ್ತೋ ಏನೋ. ಆದರೆ ಬದುಕಿಸುವ ಔಷಧ ಯಾವುದೆಂದು ಗೊತ್ತಾಗಬೇಕಾದರೆ ಯಾರಾದರೂ ಒಬ್ಬರು ಹೀಗೆ ಬಾಗಿ ಆ ಮಗುವಿನ ಮುಖವನ್ನು ನೋಡಬೇಕು. ಅಷ್ಟನ್ನು ಕಲಿಸುವ ಹೊಣೆಯನ್ನು ವೈದ್ಯಕಾಲೇಜುಗಳು ಹೊತ್ತುಕೊಳ್ಳಲಿ. ಚಿತ್ರಶಾಲೆಗಳ ಬಾಗಿಲು ತೆರೆದಿದೆ. ಕನ್ನಡ ಅಧ್ಯಾಪಕರು ಕರೆದರೆ ಬರುತ್ತಾರೆ.